ಬಿತ್ತಿಗೆಯ ವೇಳೆಗೆ ಫೀ, ರಾಶಿ ಮುಗಿದರೂ ಬಾರದ ಸ್ಕಾಲರ್‌ಶಿಪ್



ರೈತನ ಸಾಲ ಅಂದರೆ ಬೀಜ, ಗೊಬ್ಬರ, ಎಣ್ಣೆ, ಬೋರ್‌ವೆಲ್, ಟ್ರ್ಯಾಕ್ಟರ್ ಅಂತ ಬ್ಯಾಂಕಿನವರು ಬರೆದುಕೊಳ್ಳುತ್ತಾರೆ. ಸರ್ಕಾರದ ಕಾಗದಗಳೂ ಅದನ್ನೇ ಹೇಳುತ್ತವೆ. ಆದರೆ ಊರ ಕಟ್ಟೆಯ ಮೇಲೆ ಕೂತು ಒಂದೊಂದು ಮನೆಯ ಸಾಲವನ್ನು ಬಿಡಿಸಿ ಕೇಳಿ ನೋಡಿ. ಸೊಸೈಟಿಯ ಪುಸ್ತಕದಲ್ಲಿ ಬೆಳೆಸಾಲ ಅಂತ ಇರುವ ರೊಕ್ಕದ ಒಂದು ಪಾಲು ಹೊಲದ ಮುಖವನ್ನೇ ನೋಡಿರುವುದಿಲ್ಲ. ಅದು ಧಾರವಾಡದಲ್ಲೋ ಬೆಳಗಾವಿಯಲ್ಲೋ ಮೈಸೂರಲ್ಲೋ ಒಂದು ರೂಮಿನ ಬಾಡಿಗೆಯಾಗಿದೆ, ಮೆಸ್ಸಿನ ಬಿಲ್ಲಾಗಿದೆ, ಯುನಿವರ್ಸಿಟಿಯ ಚಲನ್ ಆಗಿದೆ. ಮನೆಯವಳ ಕೊರಳ ಬಂಗಾರ ಒತ್ತೆ ಬಿದ್ದದ್ದೂ ಬೋರ್‌ವೆಲ್ಲಿಗಲ್ಲ, ಮಗಳ ಎರಡನೇ ಸೆಮಿಸ್ಟರಿಗೆ. ಹೀಗಿರುವಾಗ ವಿಶ್ವವಿದ್ಯಾಲಯದ ಫೀ ಏರಿಕೆ ಪೇಟೆಯ ವಿದ್ಯಾರ್ಥಿ ಸಂಘಗಳ ವಿಚಾರ, ನಮಗೇಕೆ ಅಂತ ಕೂರುವ ಹಾಗಿಲ್ಲ. ಇದು ಬೆಲೆಯ ಪ್ರಶ್ನೆ, ಸಾಲದ ಪ್ರಶ್ನೆ. ಈ ಪತ್ರಿಕೆಯ ಪುಟಗಳಲ್ಲೇ ಚರ್ಚೆಯಾಗಬೇಕಾದ ಪ್ರಶ್ನೆ.

ನಮ್ಮ ಭಾಗದ ಒಬ್ಬ ಹುಡುಗ ಎಂ.ಎಸ್ಸಿ. ಓದುತ್ತಿದ್ದಾನೆ. ಮೂರೆಕರೆ ಎರೆಹೊಲ, ಮಳೆ ಆಶ್ರಯ. ಹಾಸ್ಟೆಲ್ಲಿನಲ್ಲಿ ಜಾಗ ಸಿಗಲಿಲ್ಲ. ಅವನು ನೋಟ್‌ಬುಕ್ಕಿನ ಹಾಳೆಯ ಮೇಲೆ ಬರೆದುಕೊಟ್ಟ ಲೆಕ್ಕ ಇದು. ನಾಲ್ವರು ಕೂಡಿ ಹಿಡಿದ ರೂಮಿನಲ್ಲಿ ಅವನ ಪಾಲು ತಿಂಗಳಿಗೆ 2,000. ಮೆಸ್ಸಿಗೆ 3,000. ಬಸ್ಸು, ಫೋನ್ ರೀಚಾರ್ಜು, ಜೆರಾಕ್ಸು, ಸಾಬೂನು ಎಲ್ಲ ಸೇರಿ 800. ಹತ್ತು ತಿಂಗಳಿಗೆ 58,000 ರೂಪಾಯಿ. ಪ್ರವೇಶದ ಫೀ, ಎರಡು ಸೆಮಿಸ್ಟರಿನ ಪರೀಕ್ಷೆ ಫೀ ಕೂಡಿ 14,000. ಒಟ್ಟು 72,000. ಈಗ ಇದನ್ನು ನಮ್ಮ ತಕ್ಕಡಿಯಲ್ಲಿ ತೂಗೋಣ. 2025-26ರ ಹಿಂಗಾರಿ ಮಾರಾಟಕ್ಕೆ ಕೇಂದ್ರ ಸರ್ಕಾರ ಕಡಲೆಗೆ ಕಟ್ಟಿದ ಬೆಂಬಲ ಬೆಲೆ ಕ್ವಿಂಟಾಲಿಗೆ 5,650 ರೂಪಾಯಿ. ಆ ಬೆಲೆ ಪೂರಾ ಕೈಗೆ ಬಂತು ಅಂತಲೇ ಇಟ್ಟುಕೊಂಡರೂ 72,000ಕ್ಕೆ ಹನ್ನೆರಡೂ ಮುಕ್ಕಾಲು ಕ್ವಿಂಟಾಲ್ ಕಡಲೆ ಬೇಕು. ಒಣ ಬೇಸಾಯದಲ್ಲಿ ಎಕರೆಗೆ ನಾಲ್ಕು ಕ್ವಿಂಟಾಲ್ ಬಂದರೆ ಅವತ್ತು ಹಬ್ಬ. ಅಂದರೆ ಮೂರೆಕರೆಯ ಇಡೀ ಹಿಂಗಾರಿ ಪೀಕು ಬೀಜ, ಗೊಬ್ಬರ, ಆಳು, ಮಷಿನ್ ಯಾವ ಖರ್ಚನ್ನೂ ಕಳೆಯದೆ ಒಬ್ಬ ಹುಡುಗನ ಒಂದು ವರ್ಷಕ್ಕೆ ಸಾಲಲಿಲ್ಲ. ಮನೆಯಲ್ಲಿ ಇನ್ನೊಂದು ಮಗು ಓದುತ್ತಿದ್ದರೆ ಏನು ಮಾಡಬೇಕು? ಮನೆಯವರು ಏನು ತಿನ್ನಬೇಕು?

ಈ ಲೆಕ್ಕದಲ್ಲಿ ಗಮನಿಸಬೇಕಾದ ಮಾತು ಬೇರೆಯೇ ಇದೆ. ಫೀ ಐದರಲ್ಲಿ ಒಂದು ಪಾಲು, ಉಳಿದ ನಾಲ್ಕು ಪಾಲು ಅನ್ನ ಮತ್ತು ಸೂರು. ಮಂತ್ರಿಗಳನ್ನು, ಕುಲಪತಿಗಳನ್ನು ಕೇಳಿದರೆ ಖಾಸಗಿಯವರಿಗೆ ಹೋಲಿಸಿದರೆ ನಮ್ಮಲ್ಲಿ ಫೀ ಏನೇನೂ ಅಲ್ಲ ಅನ್ನುತ್ತಾರೆ. ಹೌದು, ಚಲನ್ ಹಾಳೆಯ ಮೇಲೆ ಕಾಣುವುದು ಕಡಿಮೆ. ಹಾಸ್ಟೆಲ್ ಕಟ್ಟದೆ ಹುಡುಗರನ್ನು ಬೀದಿಗೆ ಬಿಟ್ಟು, ಆ ಬೀದಿಯ ಬಾಡಿಗೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಯಾರ ಫೀಯೂ ಕಡಿಮೆಯೇ ಕಾಣುತ್ತದೆ. ಹೊಲದ ಖರ್ಚು ತೆಗೆಯುವಾಗ ನಮ್ಮ ಮನೆಯವರ ದುಡಿಮೆಯನ್ನೂ ಭೂಮಿಯ ಬಾಡಿಗೆಯನ್ನೂ ಅರ್ಧಂಬರ್ಧ ಹಿಡಿದು ಬೆಂಬಲ ಬೆಲೆ ಕಟ್ಟುವವರು ಇವರೇ ಅಲ್ಲವೇ! ಅದೇ ಕೈ, ಅದೇ ಲೆಕ್ಕ.

ಹಿಂದೆ ಈ ನಾಲ್ಕು ಪಾಲನ್ನು ಯಾರು ಹೊರುತ್ತಿದ್ದರು? ಸರ್ಕಾರ ಹೊತ್ತದ್ದು ಕಡಿಮೆ. ಮಠಗಳು ಹೊತ್ತವು, ಊರುಗಳು ಹೊತ್ತವು. ತುಮಕೂರಿನ ಸಿದ್ಧಗಂಗೆಯ ದಾಸೋಹಕ್ಕೆ, ಧಾರವಾಡದ ಮುರುಘಾಮಠದ ಪ್ರಸಾದ ನಿಲಯಕ್ಕೆ ಜೋಳ, ಅಕ್ಕಿ, ಬೇಳೆಯ ಚೀಲ ಹೊತ್ತು ಹಾಕಿದವರು ರೈತರೇ. ವಾರಾನ್ನ ಉಂಡು ಓದಿದವರು ಮುಂದೆ ದೊಡ್ಡ ದೊಡ್ಡ ಖುರ್ಚಿ ಹಿಡಿದರು. ಇವತ್ತಿಗೂ ಧಾರವಾಡಕ್ಕೆ ಬೆಳಗಿನ ಬಸ್ಸಿನಲ್ಲಿ ರೊಟ್ಟಿ ಬುತ್ತಿ ಬರುತ್ತದೆ. ತಾಯಂದಿರು ಕೋಳಿ ಕೂಗುವ ಮುಂಚೆ ಎದ್ದು ರೊಟ್ಟಿ ಬಡಿದು, ಪಲ್ಯ ಕಟ್ಟಿ, ಕಂಡಕ್ಟರನ ಕೈಗೆ ಕೊಟ್ಟು ಕಳಿಸುತ್ತಾರೆ. ಪೇಟೆಯ ಪತ್ರಿಕೆಗಳು ಇದರ ಚಿತ್ರ ಹಾಕಿ ತಾಯಿಯ ಪ್ರೀತಿ ಎಂದು ಬರೆಯುತ್ತವೆ. ಪ್ರೀತಿ ಇರುವುದು ನಿಜ. ಆದರೆ ಆ ಬುತ್ತಿ ಸರ್ಕಾರಕ್ಕೆ ರೈತ ಮಹಿಳೆ ಕೊಡುತ್ತಿರುವ ಸಬ್ಸಿಡಿಯೂ ಹೌದು. ಅದನ್ನು ಯಾವ ಬಜೆಟ್ಟಿನಲ್ಲೂ ಬರೆಯುವುದಿಲ್ಲ.

ಮೆಸ್ಸಿನ ಬಿಲ್ಲು ಏರಿದಾಗ ವಿದ್ಯಾರ್ಥಿಗಳಿಗೆ ಒಂದು ಸಿದ್ಧ ಉತ್ತರ ಕೊಡುತ್ತಾರೆ. ಬೇಳೆ ದರ ಏರಿತು, ಈರುಳ್ಳಿ ದರ ಏರಿತು, ಹಾಲಿನ ದರ ಏರಿತು. ಅಂದರೆ ತಪ್ಪೆಲ್ಲ ರೈತನದು. ನಮ್ಮ ಮಕ್ಕಳೇ ಇದನ್ನು ನಂಬಿಬಿಡುತ್ತಾರೆ, ಅದಕ್ಕೆ ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ. 2025ರ ಆರಂಭದಲ್ಲಿ ಕಲಬುರಗಿ ಮಾರುಕಟ್ಟೆಯಲ್ಲಿ ತೊಗರಿಯ ದರ 7,550ರ ಬೆಂಬಲ ಬೆಲೆಗಿಂತ ಕೆಳಗೆ ಬಿತ್ತು. ಸುಂಕವಿಲ್ಲದೆ ತೊಗರಿ ಆಮದು ಮಾಡಿಕೊಳ್ಳುವ ಅವಕಾಶವನ್ನು ಕೇಂದ್ರ ಸರ್ಕಾರ ಅದೇ ಹೊತ್ತಿಗೆ 2026ರ ಮಾರ್ಚ್‌ವರೆಗೆ ಮುಂದಕ್ಕೆ ತಳ್ಳಿತು. ಅದೇ ವರ್ಷದ ಕೊನೆಗೆ ಈರುಳ್ಳಿ ದರ ನೆಲಕಚ್ಚಿ, ಕಿತ್ತು ಮಾರುಕಟ್ಟೆಗೆ ಸಾಗಿಸಿದ ಬಾಡಿಗೆಯೂ ಹುಟ್ಟಲಿಲ್ಲ. ಆಗ ಯಾವ ಮೆಸ್ಸು ತನ್ನ ಬಿಲ್ಲು ಇಳಿಸಿತು? ಏರುವಾಗ ನಮ್ಮ ಹೆಸರು, ಇಳಿದಾಗ ಯಾರ ಹೆಸರೂ ಇಲ್ಲ. ನಂದಿನಿ ಹಾಲಿಗೆ 2025ರ ಏಪ್ರಿಲ್ 1ರಿಂದ ಲೀಟರಿಗೆ 4 ರೂಪಾಯಿ ಏರಿದಾಗ ಪೇಟೆಯಲ್ಲಿ ಎದ್ದ ಗದ್ದಲ ಎಷ್ಟು! ಅದೇ ವರ್ಷ ಜನವರಿ 5ರಿಂದ ಬಸ್ಸಿನ ದರ ನೂರಕ್ಕೆ ಹದಿನೈದು ಏರಿದ್ದು ಅಷ್ಟರಲ್ಲೇ ಮರೆತುಹೋಗಿತ್ತು. ಬೆಳೆಯುವಲ್ಲಿ ಅಪ್ಪನಿಗೆ ಬೆಲೆ ಇಲ್ಲ, ತಿನ್ನುವಲ್ಲಿ ಮಗನಿಗೆ ಅಗ್ಗವಿಲ್ಲ. ನಡುವೆ ಯಾರೋ ಉಣ್ಣುತ್ತಿದ್ದಾರೆ.

ಇನ್ನು ಕಾಲದ ಮಾತು. ಫೀ ಯಾವಾಗ ಕೇಳುತ್ತಾರೆ? ಡಿಗ್ರಿ ಪ್ರವೇಶ ಜೂನ್-ಜುಲೈ, ಅಂದರೆ ಮುಂಗಾರಿ ಬಿತ್ತಿಗೆಯ ಹೊತ್ತು. ಸ್ನಾತಕೋತ್ತರ ಪ್ರವೇಶ ಸೆಪ್ಟೆಂಬರ್ ದಾಟಿ ನಡೆಯುತ್ತದೆ, ಅಂದರೆ ಹಿಂಗಾರಿ ಬಿತ್ತಿಗೆಯ ಹೊತ್ತು. ವರ್ಷದಲ್ಲಿ ರೈತನ ಕೈಯಲ್ಲಿ ಒಂದು ಪೈಸೆ ಉಳಿಯದ ಎರಡು ತಿಂಗಳುಗಳನ್ನು ಹುಡುಕಿ ಹುಡುಕಿ ಇಟ್ಟ ಹಾಗಿದೆ. ತಿಂಗಳ ಸಂಬಳದವರಿಗೆ ಯಾವ ತಿಂಗಳಾದರೂ ಒಂದೇ. ಈ ಕ್ಯಾಲೆಂಡರ್ ಬರೆದವರು ಸಂಬಳದವರು. ಕೊನೆಯ ದಿನ ದಾಟಿದರೆ ದಂಡ, ಇನ್ನೂ ದಾಟಿದರೆ ಸೀಟೇ ಇನ್ನೊಬ್ಬರಿಗೆ. ಹುಡುಗನ ಅಪ್ಪ ಅಡತಿ ಅಂಗಡಿಗೆ ಹೋಗಿ ಇನ್ನೂ ಬಿತ್ತದ ಬೆಳೆಯ ಮೇಲೆ ರೊಕ್ಕ ಎತ್ತುತ್ತಾನೆ. ಅಲ್ಲಿಗೆ ಆ ಬೆಳೆಯನ್ನು ಯಾರಿಗೆ ಮಾರಬೇಕು, ಯಾವ ದರಕ್ಕೆ ಮಾರಬೇಕು ಎಂಬುದು ಬೀಜ ನೆಲಕ್ಕೆ ಬೀಳುವ ಮೊದಲೇ ತೀರ್ಮಾನವಾಯಿತು. ಬೆಂಬಲ ಬೆಲೆಯ ಖರೀದಿ ಕೇಂದ್ರ ತೆರೆದರೂ ಅವನು ಅಲ್ಲಿಗೆ ಹೋಗುವ ಹಾಗಿಲ್ಲ.

ಒಂದು ದಿನ ತಡವಾದರೆ ದಂಡ ಹಾಕುವ ಸರ್ಕಾರ ನಮಗೆ ಬರಬೇಕಾದ್ದನ್ನು ಹೇಗೆ ಕೊಡಿಸುತ್ತದೆ? 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ ಸೇರಿಸಿ ಕೊಡಬೇಕು. ಅರವತ್ತು ವರ್ಷದ ಹಳೆಯ ಕಾನೂನು ಇದು. ಈ ಬಡ್ಡಿಯನ್ನು ಕೇಳದೆ, ಹೋರಾಡದೆ ಪಡೆದ ರೈತ ಯಾರಾದರೂ ಇದ್ದರೆ ಪತ್ರಿಕೆಗೆ ಬರೆಯಿರಿ, ಅವನ ಫೋಟೋ ಹಾಕೋಣ. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಟನ್ನಿಗೆ 3,500 ಕೇಳಿ ಹೆದ್ದಾರಿಯ ಮೇಲೆ ಕೂತ ಕಬ್ಬು ಬೆಳೆಗಾರರ ಜೊತೆ ಕಾಲೇಜು ಹುಡುಗರೂ ಕೂತರು. ಸರ್ಕಾರ 3,300ಕ್ಕೆ ಬಂತು. ಆ ಹುಡುಗರಿಗೆ ಯಾರೂ ಭಾಷಣ ಮಾಡಿ ಕಲಿಸಬೇಕಾಗಿರಲಿಲ್ಲ. ಕಬ್ಬಿನ ಬಿಲ್ಲು ಬರದೆ ತಮ್ಮ ಹಾಲ್ ಟಿಕೆಟ್ಟು ಬರುವುದಿಲ್ಲ ಎಂಬುದು ಅವರಿಗೆ ಗೊತ್ತು.

ಸ್ಕಾಲರ್‌ಶಿಪ್ ಕೊಡುತ್ತೇವಲ್ಲ ಎನ್ನುತ್ತಾರೆ. ಕೊಡುವುದನ್ನು ಇಲ್ಲವೆನ್ನಲಾರೆ. 2021ರಲ್ಲಿ ರೈತರ ಮಕ್ಕಳಿಗೆಂದೇ ರೈತ ವಿದ್ಯಾನಿಧಿ ಶುರುವಾಯಿತು. ಬಿಎ, ಬಿಎಸ್ಸಿ, ಬಿಕಾಂಗೆ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500. ಸ್ನಾತಕೋತ್ತರಕ್ಕೆ 10,000, ಹುಡುಗಿಯರಿಗೆ 11,000. ಯೋಚನೆ ಒಳ್ಳೆಯದೇ. ಆದರೆ ಅದಕ್ಕೆ ಫ್ರೂಟ್ಸ್ ಐಡಿ ಬೇಕು, ಐಡಿಗೆ ಉತಾರದಲ್ಲಿ ಹೆಸರು ಬೇಕು. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಹೊಲ ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಇದೆ! ಅಣ್ಣತಮ್ಮಂದಿರ ವಾಟ್ನಿ ಆಗಿಲ್ಲ, ಪೌತಿ ಖಾತೆ ಆಗಿಲ್ಲ. ದಿನವೆಲ್ಲ ಹೊಲದಲ್ಲಿ ಬೆನ್ನು ಬಗ್ಗಿಸುವವನು ಕಂಪ್ಯೂಟರಿನ ಕಣ್ಣಿಗೆ ರೈತನೇ ಅಲ್ಲ. ಲಾವಣಿಗೆ ಮಾಡುವವನಂತೂ ಮೊದಲೇ ಅಲ್ಲ. ಹಿಂದುಳಿದ ವರ್ಗದ, ಹಾಸ್ಟೆಲ್ ಸಿಗದ ವಿದ್ಯಾರ್ಥಿಗಳಿಗೆ 2013ರಲ್ಲಿ ಶುರುವಾದ ವಿದ್ಯಾಸಿರಿಯಲ್ಲಿ ಊಟ-ವಸತಿಗೆ ತಿಂಗಳಿಗೆ 1,500ರಂತೆ ಹತ್ತು ತಿಂಗಳು ಅಂತ ಇತ್ತು. ಅದು ಒಂದು ಸರಿಯಾದ ದಾರಿ, ಯಾಕೆಂದರೆ ಖರ್ಚು ಎಲ್ಲಿದೆಯೋ ಅಲ್ಲಿಗೇ ಕೈಯಿಟ್ಟಿತು. ಆದರೆ ಜಾತಿ-ಆದಾಯ ಪತ್ರ, ಆಧಾರ್ ಜೋಡಣೆ, ಎನ್‌ಪಿಸಿಐ ಮ್ಯಾಪಿಂಗ್ ಅಂತ ನಾಡಕಚೇರಿಗೂ ಬ್ಯಾಂಕಿಗೂ ಅಲೆದು, ಹಣ ಖಾತೆಗೆ ಬೀಳುವ ಹೊತ್ತಿಗೆ ಆ ವರ್ಷದ ಪರೀಕ್ಷೆಯೇ ಮುಗಿದಿರುತ್ತದೆ. ಮೊದಲು ಕಟ್ಟು, ಆಮೇಲೆ ಕೊಡುತ್ತೇವೆ. ಕಟ್ಟಲು ಇದ್ದವನಿಗೆ ಸ್ಕಾಲರ್‌ಶಿಪ್ ಯಾಕೆ ಬೇಕಿತ್ತು?

ಹಾಗಾದರೆ ಬ್ಯಾಂಕಿನ ಶಿಕ್ಷಣ ಸಾಲ ತೆಗೆದುಕೊಳ್ಳಿ ಎನ್ನುತ್ತಾರೆ. 2001ರಿಂದ ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ ನಾಲ್ಕು ಲಕ್ಷದವರೆಗೆ ಆಸ್ತಿಯ ಆಧಾರ ಕೇಳುವ ಹಾಗಿಲ್ಲ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿಯಲ್ಲೂ ಆಧಾರ ಬೇಡ, ಜಾಮೀನು ಬೇಡ ಎಂದಿದೆ. ಅದು ಆಯ್ದ ಒಳ್ಳೆಯ ಶ್ರೇಣಿಯ ಸಂಸ್ಥೆಗಳಿಗೆ ಮಾತ್ರ, ನಮ್ಮ ತಾಲೂಕಿನ ಡಿಗ್ರಿ ಕಾಲೇಜಿಗಲ್ಲ. ಕಾಗದದ ಮೇಲೆ ಹೀಗಿದ್ದರೂ ಕೌಂಟರಿನ ಆಚೆ ಕೂತವರು ಕೇಳುವ ಮೊದಲ ಪ್ರಶ್ನೆ ಹೊಲ ಎಷ್ಟಿದೆ, ಹಳೇ ಬಾಕಿ ಎಷ್ಟಿದೆ ಅಂತಲೇ. ಅಪ್ಪ ಬೆಳೆಸಾಲದ ಸುಸ್ತಿದಾರನಾಗಿದ್ದರೆ ಮಗನ ಅರ್ಜಿ ಮೇಜಿನಿಂದ ಮೇಲೇಳುವುದಿಲ್ಲ. ಸಿಕ್ಕರೂ ಬಡ್ಡಿ ನೋಡಿ. ಸಹಕಾರಿ ಸಂಘದಲ್ಲಿ ಬೆಳೆಸಾಲ ಬಡ್ಡಿಯಿಲ್ಲದೆ ಸಿಗುತ್ತದೆ, 2023ರ ಬಜೆಟ್ಟಿನಲ್ಲಿ ಅದರ ಮಿತಿ ಮೂರರಿಂದ ಐದು ಲಕ್ಷಕ್ಕೆ ಏರಿತು. ಓದಿನ ಸಾಲಕ್ಕೆ ನೂರಕ್ಕೆ ಹತ್ತು ಅಂತ ಹಿಡಿಯೋಣ. ಒಂದೂವರೆ ಲಕ್ಷವನ್ನು ಮೊದಲೇ ಎತ್ತಿದರೆ ಎರಡು ವರ್ಷದ ಓದು, ಆಮೇಲೆ ಒಂದು ವರ್ಷ ಕೆಲಸ ಹುಡುಕುವುದು, ಅಷ್ಟರಲ್ಲಿ ಬಡ್ಡಿಯೇ 45,000. ಕೆಲಸ ಸಿಗದಿದ್ದರೆ ನೋಟೀಸು ಬರುವುದು ಹುಡುಗನ ರೂಮಿಗಲ್ಲ, ಅಪ್ಪನ ಮನೆಗೆ.

ಆದ್ದರಿಂದಲೇ ಜನ ಬೆಳೆಸಾಲವನ್ನು ಓದಿಗೆ ಹಾಕುತ್ತಾರೆ. ಅದೂ ಸಾಲದಾಗ ನೂರಕ್ಕೆ ತಿಂಗಳಿಗೆ ಮೂರರ ಕೈಸಾಲ, ಅಂದರೆ ವರ್ಷಕ್ಕೆ ಮೂವತ್ತಾರು. ಮಳೆ ಕೈಕೊಟ್ಟಾಗ ಅಧಿಕಾರಿಗಳು ಬಂದು ರೈತ ಸಾಲವನ್ನು ದುರುಪಯೋಗ ಮಾಡಿದ ಎಂದು ಬರೆಯುತ್ತಾರೆ. ಆತ್ಮಹತ್ಯೆ ಮಾಡಿಕೊಂಡವರ ಮನೆಗಳಿಗೆ ಹೋಗಿ ಬಂದ ನಮ್ಮ ಕಾರ್ಯಕರ್ತರಿಗೆ ಈ ಮಾತು ಚೆನ್ನಾಗಿ ಗೊತ್ತಿದೆ. ಇದು ಕೃಷಿ ಸಾಲವಲ್ಲ, ಮಕ್ಕಳ ಓದಿನ ಸಾಲ, ಪರಿಹಾರಕ್ಕೆ ಬರುವುದಿಲ್ಲ. ಮಗನನ್ನು ಓದಿಸುವುದು ಯಾವಾಗಿನಿಂದ ದುರುಪಯೋಗವಾಯಿತು? ಒಬ್ಬ ಹಿರಿಯರು ನಮ್ಮ ಬೈಠಕ್ಕಿನಲ್ಲಿ ಅಂದದ್ದು ನೆನಪಿದೆ: "ಹೊಲಕ್ಕ ಹಾಕಿದ್ರ ಮಳಿ ಕೈ ಕೊಡ್ತೈತಿ, ಹುಡುಗಗ ಹಾಕಿದ್ರ ಸರ್ಕಾರ ಕೈ ಕೊಡ್ತೈತಿ. ಎಲ್ಲಿ ಹಾಕ್ಬೇಕ್ರಿ?"

ವಿಶ್ವವಿದ್ಯಾಲಯಗಳು ಫೀ ಏರಿಸುವುದು ಯಾಕೆ? ಅಲ್ಲಿ ಕೂತವರೆಲ್ಲ ದುಷ್ಟರು ಅಂತ ನಾನು ಹೇಳುವುದಿಲ್ಲ. ಸರ್ಕಾರ ಖಾಲಿ ಹುದ್ದೆ ತುಂಬುವುದಿಲ್ಲ. ಅತಿಥಿ ಉಪನ್ಯಾಸಕರ ಸಂಬಳ, ನಿವೃತ್ತರ ಪಿಂಚಣಿಯ ಭಾರ ಎರಡನ್ನೂ ವಿಶ್ವವಿದ್ಯಾಲಯದ ಕೈಗಂಟಿನ ಮೇಲೆ ಹೊರಿಸುತ್ತದೆ. ಆ ಕೈಗಂಟು ಎಲ್ಲಿಂದ ಬರಬೇಕು? ಕಾಲೇಜುಗಳು ಕಟ್ಟುವ ಸಂಯೋಜನಾ ಶುಲ್ಕ, ಪರೀಕ್ಷೆ ಫೀ, ಅಂಕಪಟ್ಟಿ ಫೀ, ಘಟಿಕೋತ್ಸವದ ಫೀ. ಎಲ್ಲವೂ ವಿದ್ಯಾರ್ಥಿಯ ಜೇಬಿನದೇ. ಸೆಮಿಸ್ಟರ್ ಬಂದ ಮೇಲೆ ಪರೀಕ್ಷೆ ಫೀ ವರ್ಷಕ್ಕೆರಡು ಸಲ. ಸಾಲದ್ದಕ್ಕೆ ಹೆಚ್ಚಿನ ಶುಲ್ಕದ ಸೀಟು, ಸೆಲ್ಫ್ ಫೈನಾನ್ಸ್ ಕೋರ್ಸು. ಸೀಟು ಮಾರುವ ಖಾಸಗಿಯವರನ್ನು ಹಿಡಿಯಲು 1984ರಲ್ಲಿ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾನೂನು ಮಾಡಿದ ಇದೇ ರಾಜ್ಯದಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳೇ ಒಂದೇ ಬೆಂಚಿಗೆ ಎರಡು ದರ ಕಟ್ಟಿವೆ.

ಜಿಎಸ್‌ಟಿಯನ್ನೂ ಬಿಟ್ಟಿಲ್ಲ. ವಿಶ್ವವಿದ್ಯಾಲಯ ಕಾಲೇಜಿಗೆ ಕೊಡುವ ಸಂಯೋಜನೆಯ ಮೇಲೆ ನೂರಕ್ಕೆ 18 ಜಿಎಸ್‌ಟಿ ಇದೆ ಎಂದು 2024ರ ಸೆಪ್ಟೆಂಬರಿನ ಕೌನ್ಸಿಲ್ ಸಭೆ ಹೇಳಿತು. ನಾವು ಹೊಡೆಯುವ ಎಣ್ಣೆಗೂ ನೂರಕ್ಕೆ 18, ಮಕ್ಕಳ ಕಾಲೇಜಿನ ಸಂಯೋಜನೆಗೂ ನೂರಕ್ಕೆ 18. ಇನ್ನು ಶಿಕ್ಷಣದ ಹೆಸರಿನಲ್ಲಿ ಕೇಂದ್ರ 2004ರಿಂದ ಸೆಸ್ ಎತ್ತುತ್ತಿದೆ. 2018ರಿಂದ ಅದು ಆರೋಗ್ಯ ಮತ್ತು ಶಿಕ್ಷಣ ಸೆಸ್ ಎಂದು ನೂರಕ್ಕೆ 4 ಆಯಿತು. ಸೆಸ್ ಆದ್ದರಿಂದ ಅದರಲ್ಲಿ ರಾಜ್ಯಗಳಿಗೆ ಪಾಲಿಲ್ಲ. ಹೆಚ್ಚಿನ ವಿದ್ಯಾರ್ಥಿಗಳು ಓದುವುದು ಮಾತ್ರ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ.

ಹೊಸ ವಿಶ್ವವಿದ್ಯಾಲಯಗಳ ಕತೆ ಕೇಳಿ. 2022ರಲ್ಲಿ ಕಾನೂನು ತಿದ್ದಿ ಹಾವೇರಿ, ಕೊಪ್ಪಳ, ಬಾಗಲಕೋಟೆ, ಬೀದರ್, ಹಾಸನ, ಕೊಡಗು, ಚಾಮರಾಜನಗರಕ್ಕೆ ಒಂದೊಂದು ವಿಶ್ವವಿದ್ಯಾಲಯ ಅಂತ ಅಂದಿನ ಸರ್ಕಾರ ಸಾರಿತು. ಕೊಟ್ಟದ್ದು ತಲಾ ಎರಡು ಕೋಟಿ. ಎರಡು ಕೋಟಿಯಲ್ಲಿ ಒಂದು ವಿಶ್ವವಿದ್ಯಾಲಯ! 2025ರ ಫೆಬ್ರವರಿಯಲ್ಲಿ ಮುಂದಿನ ಸರ್ಕಾರದ ಸಂಪುಟ ಉಪಸಮಿತಿ ಬೀದರ್ ಒಂದನ್ನು ಬಿಟ್ಟು ಒಂಬತ್ತನ್ನು ಮುಚ್ಚಬಹುದು ಎಂದಿತು. ಒಬ್ಬರು ರೊಕ್ಕ ಕೊಡದೆ ಹುಟ್ಟಿಸಿದರು, ಇನ್ನೊಬ್ಬರು ರೊಕ್ಕವಿಲ್ಲ ಅಂತ ಕೊಲ್ಲಲು ಹೊರಟರು. ಮಧ್ಯೆ ಮೈಸೂರಿನಂಥ 1916ರ ಹಳೆಯ ವಿಶ್ವವಿದ್ಯಾಲಯ ತನ್ನ ಕಾಲೇಜುಗಳನ್ನು ಕಳೆದುಕೊಂಡು ಶುಲ್ಕದ ಆದಾಯವನ್ನೂ ಕಳೆದುಕೊಂಡಿತು. ರೈತರಿಗೆ ಈ ಜಗಳದಲ್ಲಿ ಒಂದೇ ಆಸಕ್ತಿ. ಮನೆಯಿಂದ ಬಸ್ಸಿನಲ್ಲಿ ಹೋಗಿಬರುವ ದೂರದಲ್ಲಿ ಸ್ನಾತಕೋತ್ತರ ತರಗತಿ ಇದ್ದರೆ ಆ 58,000 ಉಳಿಯುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾದ ಮೇಲಂತೂ ಇದು ಇನ್ನೂ ನಿಜ. ಮನೆಯಲ್ಲಿ ರೊಕ್ಕ ಕಡಿಮೆ ಬಿದ್ದಾಗ ಮೊದಲು ಓದು ಬಿಡುವವಳು ಮಗಳೇ. ಬಸ್ಸಿನ ಚೀಟಿ ಉಚಿತವಾಯಿತು, ಸಂಜೆಯ ಬಸ್ಸು ಊರಿಗೆ ಬರುವಂತೆ ಮಾಡುವುದು ಬಾಕಿ ಇದೆ.

ಇದೆಲ್ಲ ಬಡತನದಿಂದ ಆದದ್ದಲ್ಲ, ಧೋರಣೆಯಿಂದ ಆದದ್ದು. ರಾಷ್ಟ್ರೀಯ ಆದಾಯದ ನೂರಕ್ಕೆ 6 ಪಾಲು ಶಿಕ್ಷಣಕ್ಕೆ ಬೇಕೆಂದು ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು. 2020ರ ಶಿಕ್ಷಣ ನೀತಿಯಲ್ಲೂ ಅದೇ ಆರು ಬರೆದಿದ್ದಾರೆ. ನಡುವೆ 2000ದಲ್ಲಿ ಪ್ರಧಾನಿಯವರ ವ್ಯಾಪಾರ ಮಂಡಳಿಗೆ ಅಂಬಾನಿ ಮತ್ತು ಬಿರ್ಲಾ ಒಂದು ವರದಿ ಕೊಟ್ಟರು. ಉನ್ನತ ಶಿಕ್ಷಣದ ಪೂರ್ತಿ ಖರ್ಚನ್ನು ಓದುವವನಿಂದಲೇ ವಸೂಲು ಮಾಡಿ, ಇಲ್ಲದವನಿಗೆ ಸಾಲ ಕೊಡಿ ಎಂಬುದು ಅದರ ಸಾರ. ಆರರ ಮಾತು ಪುಸ್ತಕದಲ್ಲಿ ಉಳಿಯಿತು, ಸಾಲದ ಮಾತು ಜಾರಿಗೆ ಬಂತು. 2016ರಲ್ಲಿ ಐಐಟಿಗಳ ಫೀ 90,000ದಿಂದ ಎರಡು ಲಕ್ಷಕ್ಕೆ ಏರಿತು. ಧಾರವಾಡಕ್ಕೆ ಐಐಟಿ ಬಂದದ್ದೂ ಅದೇ ವರ್ಷ. ತೀರಾ ಬಡವರಿಗೆ ಅಲ್ಲಿ ಬೋಧನಾ ಶುಲ್ಕ ಮಾಫಿ ಇದೆ ಎಂಬುದನ್ನು ಹೇಳಲೇಬೇಕು. 2017ರಲ್ಲಿ ಉನ್ನತ ಶಿಕ್ಷಣ ಹಣಕಾಸು ಸಂಸ್ಥೆ ಕಟ್ಟಿ, ಕೇಂದ್ರದ ಸಂಸ್ಥೆಗಳು ಕಟ್ಟಡಕ್ಕೂ ಸಾಲ ಎತ್ತುವಂತೆ ಮಾಡಿದರು. ಅಲಹಾಬಾದಿನಲ್ಲಿ 2022ರಲ್ಲಿ ವರ್ಷದ ಫೀ 975 ಇದ್ದದ್ದು 4,151 ಆದಾಗ ಹುಡುಗರು ಬೀದಿಗಿಳಿದರು. ಅದೂ ಹಳ್ಳಿಯ ಮಕ್ಕಳು ಓದುವ ವಿಶ್ವವಿದ್ಯಾಲಯವೇ.

ನಮ್ಮವರೇ ಕೆಲವರು ಕೇಳುತ್ತಾರೆ: ಓದಿದ ಮಗ ಹೊಲಕ್ಕೆ ಬರುವುದಿಲ್ಲ, ಬೆಂಗಳೂರು ಸೇರುತ್ತಾನೆ, ಅವನಿಗಾಗಿ ಸರ್ಕಾರ ಯಾಕೆ ಖರ್ಚು ಮಾಡಬೇಕು? ಹೊಲ ಗಿಟ್ಟುವಂತಿದ್ದರೆ ಯಾಕೆ ಬರುತ್ತಿರಲಿಲ್ಲ ಅಂತ ನಾನು ಕೇಳುತ್ತೇನೆ. ಬೆಲೆ ಕೊಡದೆ ಒಕ್ಕಲುತನ ಬಿಡಿಸುವುದು, ಫೀ ಏರಿಸಿ ಓದು ಬಿಡಿಸುವುದು, ಎರಡೂ ಕೂಡಿದರೆ ಉಳಿಯುವುದು ಪೇಟೆಯ ಕಟ್ಟಡಗಳಿಗೆ ಅಗ್ಗದ ಕೂಲಿ. ಮತ್ತೆ ನಮ್ಮ ಆಸ್ಪತ್ರೆಗೆ ಡಾಕ್ಟರು, ನಮ್ಮ ಸಾಲಿಗೆ ಮಾಸ್ತರು, ಮಣ್ಣು ಪರೀಕ್ಷೆ ಮಾಡುವವರು ಎಲ್ಲಿಂದ ಬರಬೇಕು? ಕೃಷಿ ವಿಶ್ವವಿದ್ಯಾಲಯಗಳಲ್ಲಿ ರೈತರ ಮಕ್ಕಳಿಗೆ ಪ್ರಾಯೋಗಿಕ ಪರೀಕ್ಷೆ ಇಟ್ಟು ಸೀಟು ಮೀಸಲಿಟ್ಟಿದ್ದಾರೆ. ಬೀಜ ಗುರುತಿಸುವ, ಕೂರಿಗೆ ಹೆಸರಿಸುವ ಹುಡುಗ ಪಾಸಾಗುತ್ತಾನೆ. ಆಮೇಲೆ ಮೆಸ್ಸಿನ ಬಿಲ್ಲಿನ ಪರೀಕ್ಷೆಯಲ್ಲಿ ನಪಾಸಾದರೆ ಆ ಮೀಸಲಿಗೆ ಏನರ್ಥ?

1980ರಲ್ಲಿ ಮಲಪ್ರಭೆಯ ನೀರು ಹೊಲಕ್ಕೆ ಸರಿಯಾಗಿ ಮುಟ್ಟುವ ಮೊದಲೇ ಸರ್ಕಾರ ಅಭಿವೃದ್ಧಿ ಕರ ಹಾಕಿತು. ಅದನ್ನು ಕೊಡುವುದಿಲ್ಲ ಎಂದದ್ದಕ್ಕೆ ಜುಲೈ 21ರಂದು ನವಲಗುಂದ, ನರಗುಂದದಲ್ಲಿ ಗುಂಡು ಹಾರಿತು, ರೈತರ ಪ್ರಾಣ ಹೋಯಿತು, ಈ ಚಳವಳಿ ನಾಡಿನ ತುಂಬ ಹಬ್ಬಿತು. ಇವತ್ತು ಪ್ರವೇಶದ ಚಲನ್ ಬಿಡಿಸಿ ಓದಿದರೆ ಅಲ್ಲೂ ಅಭಿವೃದ್ಧಿ ಶುಲ್ಕ ಎಂಬ ಸಾಲು ಸಿಗುತ್ತದೆ. ಹಾಸ್ಟೆಲ್ ಇಲ್ಲ, ಮಾಸ್ತರರಿಲ್ಲ, ಅಭಿವೃದ್ಧಿಗೆ ಮಾತ್ರ ಶುಲ್ಕ ಇದೆ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ರೈತ, ಕೂಲಿಕಾರರ ಮಕ್ಕಳ ಫೀಯನ್ನು ರಾಶಿಯ ನಂತರ, ಮಾರ್ಚ್‌ವರೆಗೆ ದಂಡವಿಲ್ಲದೆ ಕಟ್ಟಿಸಿಕೊಳ್ಳಬೇಕು. ಸ್ಕಾಲರ್‌ಶಿಪ್ ಇರುವವನಿಂದ ಮೊದಲು ಹಣ ಕೇಳಬಾರದು, ಸರ್ಕಾರವೂ ವಿಶ್ವವಿದ್ಯಾಲಯವೂ ತಮ್ಮೊಳಗೆ ಲೆಕ್ಕ ಚುಕ್ತಾ ಮಾಡಿಕೊಳ್ಳಲಿ. ಪ್ರವೇಶ ಕೊಟ್ಟಷ್ಟು ಹಳ್ಳಿಯ ಮಕ್ಕಳಿಗೆ ಹಾಸ್ಟೆಲ್ ಕೊಡಬೇಕು, ಇಲ್ಲವೇ ಊರಿನ ನಿಜವಾದ ಬಾಡಿಗೆ ದರದಲ್ಲಿ ತಿಂಗಳು ತಿಂಗಳು ಹಣ ಕೊಡಬೇಕು. ಮೆಸ್ಸಿನ ಜೋಳ, ಬೇಳೆ, ಈರುಳ್ಳಿಯನ್ನು ಬೆಂಬಲ ಬೆಲೆಗೆ ಕಡಿಮೆಯಿಲ್ಲದಂತೆ ನೇರ ರೈತರಿಂದ ಕೊಳ್ಳಲಿ. ಓದಿನ ಸಾಲದ ಬಡ್ಡಿ ಬೆಳೆಸಾಲಕ್ಕಿಂತ ಹೆಚ್ಚಿರಬಾರದು, ಅದಕ್ಕಾಗಿ ಹೊಲದ ಮೇಲೆ ಬೋಜಾ ಏರಿಸಬಾರದು.

ಬರುವ ಜುಲೈ 21ಕ್ಕೆ ನವಲಗುಂದ, ನರಗುಂದಕ್ಕೆ ಬರುವವರು ಈ ಸಲ ಮಕ್ಕಳನ್ನೂ ಕರೆತನ್ನಿ. ಪ್ರತಿ ಗ್ರಾಮ ಘಟಕ ಒಂದು ಹಾಳೆಯಲ್ಲಿ ಊರಿನಿಂದ ಹೊರಗೆ ಓದುತ್ತಿರುವವರು ಎಷ್ಟು ಜನ, ಫೀ ಎಷ್ಟು, ರೂಮು-ಮೆಸ್ಸಿಗೆ ಎಷ್ಟು, ಅದಕ್ಕೆ ಮಾಡಿದ ಸಾಲ ಎಷ್ಟು, ಯಾವ ಬಡ್ಡಿ, ಬರಬೇಕಾದ ಸ್ಕಾಲರ್‌ಶಿಪ್ ಎಷ್ಟು ತಿಂಗಳಿಂದ ಬಾಕಿ ಎಂಬುದನ್ನು ಬರೆದು ತರಲಿ. ಹೆಸರು ಬೇಡ, ಲೆಕ್ಕ ಸಾಕು. ಕಾಗದ ಬರೆಯುವ ಕೆಲಸವನ್ನು ಓದುವ ಹುಡುಗ ಹುಡುಗಿಯರಿಗೇ ಬಿಡಿ, ಎಲ್ಲಾ ಹಾಳೆಗಳನ್ನು ಕೂಡಿಸಿ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕೋಣ.